ಕಾಡಿಗೆ ಬಿಸಿಲು ಬಿಟ್ಟವಳು

ಊರಂಚಿನ ಪುರಾತನ ಕಾಡಿನ ಉಸ್ತುವಾರಿ ಸೊಸೆಯದು. ಅಲ್ಲಿ ಮರ ಕಡಿಯದಂತೆ ಅಡ್ಡ ಕುಳಿತವರು ಅತ್ತೆ. ಚಳಿಗಾಲದ ಕೊನೆಯ ಆ ಬೆಳಿಗ್ಗೆ ಗರಗಸ ಹೊತ್ತು ಬಂದ ಆಳುಗಳು ಯಾರ ಮಾತು ಕೇಳುವುದೆಂದು ತೋಚದೆ ಮುಖ ಮುಖ ನೋಡಿಕೊಂಡು ನಿಂತರು.

ಅತ್ತೆ ಮನೆಯಿಂದಲೇ ಮಡಚುವ ಕುರ್ಚಿ ತಂದು ಕಾಲುದಾರಿಯ ನಟ್ಟನಡುವೆ ಹಾಕಿಕೊಂಡಿದ್ದರು. ಬೆನ್ನಿಗೆ ನೆರೆಹೊರೆಯವರ ದಂಡು.

"ಏಳಿ ಅತ್ತೆ, ಕೆಲಸ ನಿಂತಿದೆ."

"ನಿಲ್ಲಲಿ ಅಂತಲೇ ಕೂತಿರೋದು. ಕಾಡು ಕಾಯ್ತೀನಿ ಅಂತ ಕೆಲಸಕ್ಕೆ ಸೇರಿ ಈಗ ಕಡಿಯೋಕೆ ಹೊರಟಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಆಳುಗಳು ಕಿಸಕ್ಕನೆ ನಕ್ಕರು. ಸೊಸೆಗೆ ಸಿಟ್ಟು ಬರಲಿಲ್ಲ. ತಾನು ಮಾಡುತ್ತಿರುವುದು ಸರಿಯೆಂದು ಅವಳಿಗೆ ಖಾತ್ರಿಯಿತ್ತು.

"ಯಾಕೆ ಅಂತ ತೋರಿಸ್ತೀನಿ ಬನ್ನಿ. ಆಮೇಲೂ ಬೇಡ ಅನ್ನಿಸಿದ್ರೆ ವಾಪಸ್ ಬಂದು ಕೂತ್ಕೊಳ್ಳಿ."

ಹಿಂದಿನ ವರ್ಷ ಕಡಿದಿದ್ದ ಜಾಗಕ್ಕೆ ಕರೆದೊಯ್ದಳು. ಮೋಟುಗಳ ಬುಡದಲ್ಲಿ ಕೈಯುದ್ದದ ಚಿಗುರು ಎದ್ದಿತ್ತು. ನೆಲಕ್ಕೆ ಬಿಸಿಲು ಬಿದ್ದು ಪುಟ್ಟ ಪುಟ್ಟ ಹೂಗಿಡಗಳು ಹರಡಿದ್ದವು. ಒಂದು ಒಣ ಎಲೆಯ ಮೇಲೆ ಮೈತುಂಬ ಮುಳ್ಳಿನ ಹುಳು ಬಿಸಿಲು ಕಾಯುತ್ತಿತ್ತು.

"ಇದೇ ಚಿಟ್ಟೆ ಆಗೋದು. ಈ ಹೂಗಿಡದ ಎಲೆ ಬಿಟ್ಟು ಬೇರೇನೂ ತಿನ್ನಲ್ಲ. ಕತ್ತಲಲ್ಲಿ ಗಿಡ ಬೆಳೆಯಲ್ಲ. ಅದಕ್ಕೇ ಪ್ರತಿವರ್ಷ ಒಂದೊಂದು ಮೂಲೆಗೆ ಬಿಸಿಲು ಬಿಡೋದು. ಜೀವ ಇರೋ ದೊಡ್ಡ ಮರಗಳನ್ನ ಮುಟ್ಟಲ್ಲ."

ಅತ್ತೆ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಮಂಡಿಯೂರಿ ಬಹಳ ಹೊತ್ತು ನೋಡಿದರು. ಎದ್ದರು, ಆದರೆ ಸೋಲೊಪ್ಪಿಕೊಳ್ಳುವ ಪೈಕಿಯವರಲ್ಲ.

"ಹುಳದ ಮಾತು ಒಪ್ಪಿದೆ. ಆದ್ರೆ ಆ ಪೊಟರೆ ಮರಕ್ಕೂ ಕಡೀಲಿ ಅಂತ ಕೆಂಪು ಗುರುತು ಹಾಕಿದ್ದೀಯಲ್ಲ, ಅದರಲ್ಲಿ ಬಾವಲಿ ಇದಾವೆ. ಸಂಜೆ ವಾಕಿಂಗ್ ಹೋದಾಗ ಎಷ್ಟು ಸಲ ನೋಡಿದ್ದೀನಿ!"

ಆ ಮರ ಸತ್ತಿದೆ, ದಾರಿಹೋಕರ ಮೇಲೆ ಬಿದ್ದೀತು ಎಂದು ಸೊಸೆ ಗುರುತು ಹಾಕಿದ್ದಳು. ಆಳುಗಳ ಏಣಿ ಇಟ್ಟು ಹತ್ತಿ ಪೊಟರೆಯೊಳಗೆ ಇಣುಕಿದಳು. ಅಂಗೈಯಗಲದ ಬಾವಲಿಗಳು ಒತ್ತೊತ್ತಾಗಿ ತಲೆಕೆಳಗಾಗಿ ನಿದ್ದೆಹೋಗಿದ್ದವು. ಅವಕ್ಕೆ ಎಚ್ಚರವಾಗದಂತೆ ಮೆಲ್ಲನೆ ಇಳಿದಳು.

"ನೀವು ಹೇಳಿದ್ದು ನಿಜ ಅತ್ತೆ. ನನ್ನ ಕಣ್ಣು ತಪ್ಪಿತ್ತು. ಮರ ಇರಲಿ, ದಾರೀನೇ ಬೇರೆ ಕಡೆ ತಿರುಗಿಸ್ತೀನಿ."

ಕೆಂಪು ಗುರುತನ್ನು ತಾನೇ ಕೆರೆದು ತೆಗೆದಳು. ಆಳುಗಳು ಉಳಿದ ಸಣ್ಣ ಮರಗಳಿಗೆ ಗರಗಸ ಹಚ್ಚಿದರು. ಅತ್ತೆ ಕುರ್ಚಿ ಮಡಚಿ, ನೆರೆಯವರತ್ತ ತಿರುಗಿ, "ನಿಂತು ನೋಡ್ತೀರೇನು? ಕೊಂಬೆ ಎತ್ತಿ!" ಎಂದು ಗದರಿದರು.

ಬೇಸಿಗೆಯಲ್ಲಿ ಬಿಸಿಲಿನ ಮೂಲೆಗಳ ತುಂಬ ಕಿತ್ತಳೆ ರೆಕ್ಕೆಯ ಚಿಟ್ಟೆಗಳು ಹಾರಾಡಿದವು. ನೋಡಲು ಬಂದ ಗರಗಸದ ಆಳೊಬ್ಬನ ಭುಜದ ಮೇಲೆಯೇ ಒಂದು ಕುಳಿತಿತು.

"ಅಲ್ಲಾಡಿದ್ರೆ ನೋಡು!" ಎಂದರು ಅತ್ತೆ. ಅವನು ಮೂಗಿನ ತುರಿಕೆ ತಡೆದುಕೊಂಡು ಕಂಬದಂತೆ ನಿಂತ.