ಏಳನೆಯ ಬಿಲ್ಲೆ

ಹೊಗೆ ನೀಲಿಯೋ ಬಿಳಿಯೋ, ಕಿಟಕಿಯ ಕಡೆಯಿಂದ ನೋಡಿದರೆ ನೀಲಿ, ಗೋಡೆಯ ಕಡೆಯಿಂದ ಬಿಳಿ, ಬಿಳಿಗೆ ಹಾಕಬೇಡ ನೀಲಿಯಾಗುವವರೆಗೆ ಕಾಯಿ ಎಂದು ಭಾವ ಹೇಳಿದರೆ ಅವಳು ಯಾವ ಕಡೆ ನಿಂತು ಕಾಯಬೇಕು, ಕಬ್ಬಿಣದ ಕಾವಲಿಯಿಂದ ಎಳೆಯೊಂದು ಎದ್ದು, ಬಳುಕಿ, ಎಕ್ಸಾಸ್ಟ್ ಫ್ಯಾನಿನತ್ತ ಹೊರಟಂತೆ ಮಾಡಿ, ಮನಸ್ಸು ಬದಲಿಸಿ ಅವಳ ಕಣ್ಣಿಗೇ ಬಂತು, ಆ ಫ್ಯಾನು ಗರಗರ ಎಂದಿದ್ದೇ ಬಂತು, ಒಂದು ದಿನವೂ ಏನನ್ನೂ ಹೊರಗೆ ಕಳಿಸಿದ್ದಿಲ್ಲ — ಈಗ ಹಾಕು ಮೆಲ್ಲಮ್ಮ, ಈಗ, ಈಗ — ಭಾವನ ದನಿ ಬೆನ್ನ ಹಿಂದಿನಿಂದ, ಮೂರು ಹೆಜ್ಜೆ ದೂರದಿಂದ, ಮೂರೇ, ಅವಳು ಎಣಿಸಿದ್ದಾಳೆ, ಬೆಳಿಗ್ಗೆ ಹನ್ನೊಂದಕ್ಕೆ ಒಲೆ ಹೊತ್ತಿಸಿದಾಗಿನಿಂದ ಅಕ್ಕನ ಗಂಡ ಫ್ರಿಜ್ಜಿನ ಪಕ್ಕದ ಆ ಒಂದು ಟೈಲ್ಸ್ ಬಿಟ್ಟು ಈಚೆ ಬಂದಿಲ್ಲ, ಎಡಗೈ ಗಾಳಿಯಲ್ಲಿ ಕುಣಿಯುತ್ತದೆ, ತೋರಿಸುತ್ತದೆ, ಗದರಿಸುತ್ತದೆ, ಬಲಗೈ ಮಾತ್ರ ಎಡಗಂಕುಳಲ್ಲಿ, ಬಸ್ಸಿನಲ್ಲಿ ಪಕ್ಕದವರಿಗೆ ತಾಗದಂತೆ ಮುದುಡಿ ಹಿಡಿದ ಒದ್ದೆ ಛತ್ರಿಯ ಹಾಗೆ. ಅವಳು ಕೈಮಾದ ಬಿಲ್ಲೆಯನ್ನು ಕಾವಲಿಯ ಮೇಲೆ ಇಳಿಸಿದಳು, ಚುರ್ರೆಂದಿತು, ಇದು ಆರನೆಯದು, ಒತ್ತಬೇಡ ಎಂದರು, ಅವಳು ಒತ್ತಿರಲಿಲ್ಲ, ಒತ್ತುವ ಯೋಚನೆಯೂ ಇರಲಿಲ್ಲ, ಸಟ್ಟುಗ ಹಿಡಿದ ಕೈ ತನ್ನಷ್ಟಕ್ಕೆ ಸುಮ್ಮನೆ ಇತ್ತು, ಇವತ್ತಿಗೆ ಎಷ್ಟನೆಯ ಒತ್ತಬೇಡ ಇದು, ನಲವತ್ತೋ ಐವತ್ತೋ, ಒತ್ತಿದರೆ ರಸ ಹೋಗುತ್ತದೆ, ರಸ ಹೋದರೆ ಚಪ್ಪಲಿ ತಿಂದ ಹಾಗೆ, ಗೊತ್ತಾಯಿತು ಭಾವ, ಹನ್ನೊಂದೂಕಾಲಿಗೇ ಗೊತ್ತಾಗಿತ್ತು, ಈಗ ಎರಡೂವರೆ. ನಾಲ್ಕಕ್ಕೆ ಭಾವ ಕೆಲಸದ ಪರೀಕ್ಷೆಗೆ ಹೊಸ ಹೋಟೆಲಿನ ಅಡುಗೆಮನೆಯಲ್ಲಿರಬೇಕು, ಅಲ್ಲಿಯ ದೊಡ್ಡ ಅಡುಗೆಯಾಕೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು, ಬಂದು ಒಂದು ಬರ್ಗರ್ ಮಾಡಿ, ನಿಮ್ಮ ಕಥೆ ಆಮೇಲೆ ಕೇಳ್ತೀನಿ. ಅದಕ್ಕೇ ಈ ಅಭ್ಯಾಸ, ಅಭ್ಯಾಸ ಯಾರದು, ಅವರದಂತೆ, ಮಾಡುತ್ತಿರುವವಳು ಅವಳು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬರದೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದಳಲ್ಲ, ಪದವಿ ಬೇರೆ ಪಡೆದಿದ್ದಾಳೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಅಂಟಿಸುವ ಕೆಲಸ ಅವಳದು, ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಪುಸ್ತಕಗಳಂತೂ ಒತ್ತಬೇಡ ಎನ್ನುವುದೇ ಇಲ್ಲ, ಒತ್ತಿದಷ್ಟೂ ಒಳ್ಳೆಯದು ಅವಕ್ಕೆ, ವಾರಕ್ಕೊಂದು ರಜೆ, ಆ ರಜೆಯ ಗತಿ ಇದು, ಉಗುರಿನ ಸಂದಿಯಲ್ಲೆಲ್ಲ ಕೈಮಾ. ಮೊದಲನೆಯ ಬಿಲ್ಲೆಯನ್ನು ನಾದಿಬಿಟ್ಟಿದ್ದಳು, ಹಿಟ್ಟಲ್ಲಮ್ಮ ಅದು, ಮಾಂಸ, ಮುಟ್ಟಿಯೂ ಮುಟ್ಟದ ಹಾಗೆ ಗುಂಡಗೆ ಮಾಡು, ನಾದಿದರೆ ರಬ್ಬರು, ಸರಿ, ಎರಡನೆಯದನ್ನು ಮುಟ್ಟಿಯೂ ಮುಟ್ಟದ ಹಾಗೆ ಮಾಡಿದ್ದಕ್ಕೆ ಕಾವಲಿಯ ಮೇಲೆ ನಾಲ್ಕು ಹೋಳಾಯಿತು, ಮೂರನೆಯದಕ್ಕೆ ಉಪ್ಪನ್ನು ಮೊದಲೇ ಕಲಸಿದ್ದು ತಪ್ಪಂತೆ, ಉಪ್ಪು ಹೊರಗೆ, ಅದೂ ಕಾವಲಿಗೆ ಬೀಳುವ ಆ ಕ್ಷಣಕ್ಕೆ, ಎತ್ತರದಿಂದ ಉದುರಿಸು, ಎಷ್ಟು ಎತ್ತರದಿಂದ ಎಂದು ಅವಳು ಕೇಳಲಿಲ್ಲ, ಕೇಳಿದ್ದರೆ ಅಳತೆಪಟ್ಟಿ ತರಿಸುತ್ತಿದ್ದರು, ನಾಲ್ಕನೆಯದು ಉಬ್ಬಿ ಚೆಂಡಾಯಿತು, ನಡುವೆ ಹೆಬ್ಬೆರಳಿನಿಂದ ಒಂದು ಕುಳಿ ಮಾಡಬೇಕಿತ್ತಂತೆ, ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ, ಹೇಳಿದೆನಲ್ಲ, ಎಲ್ಲಿ ಹೇಳಿದಿರಿ, ಮನಸ್ಸಿನಲ್ಲೇ ಕೇಳಿದಳು, ಅವಳ ಎದುರುತ್ತರಗಳೆಲ್ಲ ಮನಸ್ಸಿನಲ್ಲೇ, ರಾತ್ರಿ ಡೈರಿಗೆ ಹೋಗುತ್ತವೆ, ಅದಕ್ಕೇ ಅಲ್ಲವೇ ಮೆಲ್ಲಮ್ಮ ಎಂಬ ಹೆಸರು, ಇವರೇ ಇಟ್ಟದ್ದು, ಅಕ್ಕನನ್ನು ಮದುವೆಯಾಗಿ ಬಂದ ಮೊದಲ ವಾರ, ಉಪ್ಪು ಬೇಕಾ ಎಂದು ಅವಳು ಮೂರು ಸಲ ಕೇಳಿದರೂ ಅವರಿಗೆ ಕೇಳಿಸಿರಲಿಲ್ಲ. ಐದನೆಯದು ಚೆನ್ನಾಗಿಯೇ ಇತ್ತು, ಆದರೆ ಬನ್ನನ್ನು ಕಾಯಿಸಲಿಲ್ಲ, ಬಿಲ್ಲೆ ಬಿಟ್ಟ ಕೊಬ್ಬಿನಲ್ಲೇ ಬನ್ನಿನ ಒಳಮೈ ಕಾಯಿಸಬೇಕು, ಇಲ್ಲದಿದ್ದರೆ ರಸ ಇಳಿದು ಕೈಯಲ್ಲೇ ಕರಗುತ್ತದೆ. ಐದನ್ನೂ ಹಜಾರದಲ್ಲಿ ಪರದೆ ಹೊಲಿಯುತ್ತ ಕೂತ ಅಕ್ಕನಿಗೆ ದಾಟಿಸಿದ್ದಾಯಿತು, ಅಕ್ಕ ತಿಂದಳೋ ಬಟ್ಟೆಯ ಕೆಳಗೆ ಬಚ್ಚಿಟ್ಟಳೋ, ಅವಳ ಹೊಲಿಗೆ ಯಂತ್ರ ಟಕಟಕ ಓಡುತ್ತಿರುತ್ತದೆ, ಭಾವ ಮಗುಚು ಎಂದಾಗಲೆಲ್ಲ ನಿಲ್ಲುತ್ತದೆ, ಪ್ರತಿಸಲವೂ, ಬಿಲ್ಲೆ ತಿರುಗಿದ ಸದ್ದು ಕೇಳಿ ಮತ್ತೆ ಓಡುತ್ತದೆ, ಏನನ್ನು ಕೇಳಿಸಿಕೊಳ್ಳುತ್ತಾಳೆ, ಯಾರ ಕೈ ಎಂದೇ, ಗೋಡೆಯಾಚೆಯಿಂದ ಸದ್ದಿನಲ್ಲೇ ತಿಳಿಯುತ್ತದೆಯೇ ಯಾರ ಕೈ ಎಂದು, ತಿಳಿಯುತ್ತದೆ, ಹನ್ನೊಂದು ವರ್ಷ ಗಂಡನ ಕೈಯ ಸದ್ದು ಕೇಳಿದವಳಿಗೆ.

ಐದು ತಿಂಗಳ ಕೆಳಗೆ, ಹಳೆಯ ಹೋಟೆಲಿನಲ್ಲಿ, ಕರಿಯುವ ಎಣ್ಣೆ ಬಸಿಯುವಾಗ ಪಾತ್ರೆಯ ಹಿಡಿ ಕಳಚಿಕೊಂಡಿತು, ಅಷ್ಟೇ, ಅವರೇ ಹಾಗೆ ಹೇಳುತ್ತಾರೆ, ಅಷ್ಟೇ, ನೋಡಲು ಬಂದವರಿಗೆಲ್ಲ ನಗುತ್ತ ಹೇಳಿದರು, ನನ್ನನ್ನೇ ಕರಿದುಬಿಟ್ಟೆ ಮಾರಾಯ್ರೆ, ಉಪ್ಪು ಹಾಕೋದೊಂದು ಬಾಕಿ ಇತ್ತು. ಸುಟ್ಟ ಬಲಗೈಗೆ ಹೊಸ ಚರ್ಮ ಬಂತು, ಹಾಲಿನ ಕೆನೆಯ ಹಾಗೆ ನುಣ್ಣಗೆ, ತಿಳಿಗೆಂಪಗೆ, ಒಂದು ಕೂದಲಿಲ್ಲ, ಬೆರಳು ಮಡಿಸುತ್ತವೆ ಬಿಡಿಸುತ್ತವೆ, ಡಾಕ್ಟರು ಕೈ ಕುಲುಕಿಯೇ ಕಳಿಸಿಕೊಟ್ಟರು, ಮನೆಗೆ ಬಂದರು, ಅಕ್ಕ ಚಹಾ ಕಾಯಿಸುತ್ತಿದ್ದಳು, ಒಲೆಯ ನೀಲಿ ಉರಿ ಕಂಡದ್ದೇ ಕೈ ಕಂಕುಳಿಗೆ ಹೋಯಿತು, ಅಂದಿನಿಂದ ಅಲ್ಲೇ. ಸ್ವಲ್ಪ ದಿನ ಹೋಗಲಿ, ಚಳಿ ಕಳೆಯಲಿ, ಗ್ಯಾಸು ಬದಲಾಗಲಿ, ನೆಪಕ್ಕೇನು ಬರವೇ, ಮೊನ್ನೆ ಮನೆಯಲ್ಲಿ ಮುಂಚೆ ಹೇಳದೆ ಗೋದಾಮಿನ ಗೇಟಿನಲ್ಲಿ ಕಾವಲುಗಾರನಾಗಿ ಕೂರುವ ಕೆಲಸ ಕೇಳಿಕೊಂಡು ಬಂದಿದ್ದಾರೆ, ಹೊಸ ಹೋಟೆಲಿನಲ್ಲಿ ಆಗದಿದ್ದರೆ ಸೋಮವಾರದಿಂದ ಅಲ್ಲಿ, ಕುರ್ಚಿ ಕೊಡುತ್ತಾರಂತೆ, ಕುರ್ಚಿ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಅಕ್ಕ ನಲ್ಲಿಯ ಸದ್ದಿನ ಮರೆಯಲ್ಲಿ ಹೇಳಿದಳು, ಇವತ್ತು ಒಲೆ ಮುಟ್ಟದಿದ್ರೆ ಇನ್ನು ಮುಟ್ಟಲ್ಲ ಕಣೇ, ಆ ಗೇಟಲ್ಲಿ ಕೂತೇ ಮುಗೀತಾರೆ. ಹೇಳಿದವಳು ತಾನೇ ಬಂದು ನಿಲ್ಲಬಾರದೇ, ಇಲ್ಲ, ಅವಳಿಗೆ ನೋಡಲಾಗುವುದಿಲ್ಲವಂತೆ, ಅವಳು ಪರದೆ ಹೊಲಿಯುತ್ತಾಳಂತೆ, ಇವರು ಬಾಯಲ್ಲಿ ಅಡುಗೆ ಮಾಡುತ್ತಾರಂತೆ, ನಡುವೆ ಸಿಕ್ಕಿದ್ದು ಇವಳು, ಒಂದು ಜೊತೆ ಕೈ. ಮಗುಚು, ಎಂದರು ಭಾವ, ಯಂತ್ರ ನಿಂತಿತು, ಆರನೆಯದನ್ನು ಮಗುಚಿದಳು, ಒಂದೇ ಸಲ, ಅತ್ತಿತ್ತ ಆಡಿಸಬೇಡ, ಯಂತ್ರ ಓಡಿತು. ಕಂದು ಬಣ್ಣದ ಗರಿಗರಿ ಪದರ ಅಂಚಿನಿಂದ ಅಂಚಿಗೆ, ಮೇಲಿಟ್ಟ ಚೀಸು ಸೋತು ಸೊರಗಿ ಇಳಿಯಿತು, ತಟ್ಟೆಗೆ ತೆಗೆದು ಎರಡು ನಿಮಿಷ ಬಿಟ್ಟಳು, ರಸ ಒಳಗೇ ಕೂರಬೇಕು, ಬನ್ನು, ಈರುಳ್ಳಿಯ ಬಳೆ, ಸೌತೆಕಾಯಿ ಉಪ್ಪಿನಕಾಯಿಯ ಎರಡು ಹೋಳು, ಭಾವ ಎಡಗೈಯಲ್ಲಿ ಎತ್ತಿ ಕಚ್ಚಿದರು, ಕಣ್ಣು ಮುಚ್ಚಿದರು, ಗಲ್ಲದ ಮೇಲೆ ರಸ ಇಳಿಯಿತು, ಒರೆಸಿಕೊಳ್ಳಲಿಲ್ಲ, ಬಂತು ಎಂದರು, ಮೆಲ್ಲಮ್ಮ, ಬಂತು, ಇದೇ. ಅವಳಿಗೆ ಒಂದು ಗಳಿಗೆ, ಒಂದೇ ಗಳಿಗೆ, ಸಂತೋಷವಾಯಿತು, ನಿಜ ಹೇಳಬೇಕೆಂದರೆ ಹೆಮ್ಮೆಯೇ, ಆಮೇಲೆ ಅವರು ಬಾಯಿ ತೆರೆದರು. ನೀನೂ ಬಾ ನನ್ನ ಜೊತೆ, ಸಹಾಯಕ್ಕೆ ಕರ್ಕೊಂಡು ಬಂದೆ ಅಂತೀನಿ, ನೀನು ಒಲೆ ಹತ್ರ ನಿಲ್ಲು, ನಾನು ಪಕ್ಕದಲ್ಲಿರ್ತೀನಿ, ಹೀಗೇ, ಯಾರಿಗೂ ಗೊತ್ತಾಗಲ್ಲ.

ಗೊತ್ತಾಗಲ್ಲವಂತೆ. ಅವಳ ಕಿವಿಯಿಂದಲೇ ಹೊಗೆ ಹೋಯಿತು, ನೀಲಿಯೋ ಬಿಳಿಯೋ, ಯಾರಾದರೂ ನೋಡಿ ಹೇಳಲಿ, ಅಪರಿಚಿತರ ಅಡುಗೆಮನೆ, ಹತ್ತು ಜನ ಏಪ್ರನ್ ಕಟ್ಟಿದವರು, ಅವರ ನಡುವೆ ಇವಳು, ಅಂಚೆಯವನಿಗೆ ಸಹಿ ಹಾಕಿಕೊಡಲೂ ನಾಚುವವಳು, ಪಕ್ಕದಲ್ಲಿ ಇವರು, ಕಂಕುಳಲ್ಲಿ ಕೈ, ಒತ್ತಬೇಡ ಒತ್ತಬೇಡ ಎನ್ನುತ್ತ, ನಾಳೆಯೂ ಹೋಗಬೇಕೇ, ನಾಡಿದ್ದು, ಅವರ ನಿವೃತ್ತಿಯವರೆಗೆ, ಮತ್ತೆ ಇದನ್ನು ಕೇಳುವಾಗ ಆ ಮುಖದಲ್ಲಿ ತಮಾಷೆ ಇಲ್ಲ, ಅದೇ ಹೊಟ್ಟೆ ಉರಿಸಿದ್ದು, ತಮಾಷೆ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು, ಮಗುವಿನ ಹಾಗೆ ನೋಡುತ್ತಿದ್ದಾರೆ, ಊರಿಗೆಲ್ಲ ಜೋಕು ಹಂಚುವ ಮನುಷ್ಯ. ಬಟ್ಟಲಿನಲ್ಲಿ ಉಳಿದದ್ದು ಒಂದೇ ಉಂಡೆ, ಏಳನೆಯದು, ಮುಟ್ಟಿಯೂ ಮುಟ್ಟದ ಹಾಗೆ ತಟ್ಟಿದಳು, ನಡುವೆ ಹೆಬ್ಬೆರಳು, ಮೇಲಿನಿಂದ ಉಪ್ಪು, ಕಾವಲಿಯ ಮೇಲೆ ಇಳಿಸಿದಳು, ಹಾಂ, ಎಂದರು ಭಾವ, ಈಗ ನೋಡು ಕೈ ಕೂತಿದೆ ನಿಂಗೆ, ಅವಳು ಸಟ್ಟುಗವನ್ನು ಒಲೆಕಟ್ಟೆಯ ಮೇಲಿಟ್ಟಳು, ಹಿಡಿಯನ್ನು ಅವರ ಕಡೆಗೆ ತಿರುಗಿಸಿ, ಸಿಂಕಿನವರೆಗೆ ಸರಿದು ಕೈ ಒರೆಸಿಕೊಂಡಳು, ಬೆರಳು ಬೆರಳಾಗಿ. ಮಗುಚು. ಯಂತ್ರ ನಿಂತಿತು. ಮಗುಚೇ, ಅಂಚು ನೋಡು. ಅಂಚು ನೋಡಿದಳು, ಕಂದು ಕರಿದಾಗುತ್ತಿದೆ, ಮೇಲ್ಮೈಯಲ್ಲಿ ರಸದ ಕೆಂಪು ಹನಿಗಳು ಎದ್ದು ನಿಂತಿವೆ, ಮಗುಚಬೇಕಾದ್ದೇ ಈಗ, ಕೈ ತುರಿಸುತ್ತದೆ, ಹೋಗಿ ಮಗುಚಿಬಿಟ್ಟರೆ ಎಲ್ಲ ಮುಗಿಯುತ್ತದೆ, ಜಗಳವಿಲ್ಲ, ಮಾತಿಲ್ಲ, ಆಮೇಲೆ ಡೈರಿಗೆ ಎರಡು ಪುಟ. ನೀವೇ ಮಗುಚಿ ಭಾವ, ಎಂದಳು, ಆ ದನಿ ಯಾರದು, ಹಜಾರದವರೆಗೂ ಹೋಯಿತು, ನಾನು ಬರಲ್ಲ, ಇದನ್ನೂ ಮಗುಚಲ್ಲ.

ಹುಡುಗಾಟ ಆಡೋ ಹೊತ್ತಾ ಇದು, ಸೀದುಹೋಗುತ್ತೆ, ಎಂದರು, ಸೀಯಲಿ ಎಂದಳು, ಎಂಥ ಹಟಮಾರಿ ನೀನು ಎಂದರು, ಹೌದು ಎಂದಳು, ಒಂದು ಹೆಜ್ಜೆ ಈಚೆ ಬಂದಿದ್ದಾರೆ, ಅವರಿಗೆ ಗೊತ್ತಿಲ್ಲ, ಇಷ್ಟು ಒಳ್ಳೆ ಬಿಲ್ಲೆ, ಕಣ್ಣೆದುರಿಗೇ ಹಾಳು ಮಾಡ್ತೀಯಲ್ಲೇ, ಎರಡನೆಯ ಹೆಜ್ಜೆ, ಹನ್ನೊಂದು ವರ್ಷದಲ್ಲಿ ಒಂದು ಬಿಲ್ಲೆ ಸೀಯಿಸಿದ್ದಿಲ್ಲ ನಾನು, ಯಾರನ್ನಾದರೂ ಕೇಳು, ಮೂರನೆಯದು, ಉರಿಯ ಬಿಸಿ ಈಗ ಅವರ ಮುಖಕ್ಕೆ ತಾಗುತ್ತಿರಬೇಕು, ಹೊಗೆ ದಪ್ಪವಾಯಿತು, ಸೀದ ವಾಸನೆ ಎದ್ದಿತು, ಕಹಿ, ಗಂಟಲಿಗೆ ಕೂರುವಂಥದು, ಅವರ ಮೂಗು ಅರಳಿತು, ಛೆ ಎಂದರು, ಬೈಗುಳವೂ ಅಲ್ಲ, ಅಡುಗೆಯವನ ಛೆ, ಅವಳು ನೋಡಬಾರದೆಂದುಕೊಂಡು ನೋಡಿದಳು, ಬಾಗಿಲಲ್ಲಿ ಅಕ್ಕ, ಬಾಯಲ್ಲಿ ಗುಂಡುಸೂಜಿ, ಹೆಗಲ ಮೇಲೆ ಅರ್ಧ ಪರದೆ, ಉಸಿರಿಲ್ಲ, ಭಾವನ ಕಂಕುಳಿನಿಂದ ಕೈ ಹೊರಬಂತು, ತಿಳಿಗೆಂಪು, ಹೊಗೆಯಲ್ಲಿ ಇನ್ನೂ ತಿಳಿಯಾಗಿ, ಸಟ್ಟುಗದ ಹಿಡಿ ಸಿಕ್ಕಿತು, ಬಿಲ್ಲೆಯ ಅಡಿಗೆ ಒಂದೇ ನೂಕು, ಒಂದೇ ಮಗುಚು, ಚುರ್ರೆಂದು ಕೊಬ್ಬು ಸಿಡಿಯಿತು, ಒಂದು ಹನಿ ಆ ಹೊಸ ಚರ್ಮದ ಮೇಲೆ, ಅವಳು ಕಂಡಳು, ಹನಿ ಮಿನುಗಿದ್ದು ಕಂಡಳು, ಕೈ ಬೆಚ್ಚಿತು, ಈಗ ಹೋಗುತ್ತದೆ, ಈಗ ಕಂಕುಳಿಗೆ ಹೋಗುತ್ತದೆ — ಹೋಗಲಿಲ್ಲ, ಸಟ್ಟುಗ ಹಿಡಿದೇ ಇದೆ, ಕಾವಲಿಯ ಮೇಲೆ, ಹೊಗೆಯಲ್ಲಿ, ಆ ಕೈ, ಹನಿ ಹೊತ್ತುಕೊಂಡು, ಇನ್ನೂ ಅಲ್ಲೇ, ಆ ಕೈ