ಹಸನು ಮಾಡಿದ ಬೇಳೆ

"ಕಣ್ಣೇನ್ ತಿಗದಾಗ ಇಟ್ಕೊಂಡೀ ಏನ, ರಂಡೇ? ಈ ಹರಳ ಯಾರ ಹಲ್ಲಾಗ ಸಿಗಬೇಕು?"

ಸಾವ್ಕಾರ ವಿಶ್ವನಾಥಪ್ಪ ಬೇಳೆಯಲ್ಲಿ ಸಿಕ್ಕ ಹರಳನ್ನು ಗೌರಾಬಾಯಿಯ ಮುಖಕ್ಕೆ ಒಗೆದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗಳ. ವಿಭೂತಿ ಬಳಿದ ಹಣೆ ಸುಳ್ಳಾಡೋದಿಲ್ಲ ಎಂದು ನಂಬಿಯೇ ಅವಳು ಕೆಟ್ಟದ್ದು. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಉದಗೀರದ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸ. "ಎರಡ ವಾರ ಟ್ರಾಯಲ್, ಪಗಾರಿಲ್ಲ. ಕೆಲಸ ಪಸಂದ ಬಂದ್ರ ಪರ್ಮನೆಂಟ್. ಕಾಯಕ ಅಂತ ತಿಳ್ಕೊಂಡು ಮಾಡವ್ವಾ," ಎಂದಿದ್ದ ಪುಣ್ಯಾತ್ಮ. ಅದನ್ನು ನಂಬಿ ಅವಳು ತನ್ನೂರು ಔರಾದ ಶಹಾಜನಿಯ ಪಾಟೀಲನಿಗೆ, ಇನ್ನು ನಿನ್ನ ಹೊಲದ ಕಸ ತೆಗೆಯಲು ಬರೋದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದಳು. ಇಲ್ಲಿ ಕೆಲಸ ಸಿಗದಿದ್ದರೆ ಮತ್ತೆ ಆ ಬಾಗಿಲಲ್ಲೇ ತಲೆ ತಗ್ಗಿಸಬೇಕು.

"ಇವತ್ತಿಗಿ ಎರಡ ವಾರ ಮುಗೀತಲ್ರೀ ಸಾವ್ಕಾರ್ರ. ನಾಳಿಂದ ಪಗಾರ..."

"ಯಾವ ಪಗಾರ? ನಿನ್ನ ಕೈ ಚುರುಕಿಲ್ಲ. ಚಲ್, ನೀಘ್! ಹೊಂಡ ಇಲ್ಲಿಂದ!"

ಗೌರಾಬಾಯಿ ಕೂತಲ್ಲೇ ಕೈಯಲ್ಲಿದ್ದ ಬೇಳೆಯನ್ನು ರಾಶಿಗೆ ಬಿಟ್ಟಳು. ಈ ಮಾತು ಹೊಸದಲ್ಲ. ತಾನು ಬಂದ ದಿನ ಇದೇ ಗೇಟಿನಲ್ಲಿ ಮಾಳಮ್ಮ ಎಂಬ ಮುದುಕಿ ಅಳುತ್ತ ಎದುರಾಗಿದ್ದಳು. "ಕೈ ಚುರುಕಿಲ್ಲಂತ ಹೊರಗ ಹಾಕ್ದ ನೋಡವ್ವಾ," ಎಂದಿದ್ದಳು. ಮೈಗಳ್ಳಿ ಇರಬೇಕು ಎಂದುಕೊಂಡು ಮುಖ ತಿರುವಿ ಒಳಗೆ ನಡೆದಿದ್ದಳು ಗೌರಾಬಾಯಿ. ಥೂ ನನ್ನ ಜನ್ಮಕ್ಕ! ಇಲ್ಲಿ ಪರ್ಮನೆಂಟ್ ಆದವರು ಒಬ್ಬರಾದರೂ ಇದ್ದಾರೆಯೇ? ಹಳಬರನ್ನು ದೂಡುವುದು, ಹೊಸಬರನ್ನು ಪುಕ್ಕಟೆ ದುಡಿಸುವುದು, ಇಷ್ಟೇ.

ಹೊಸಬಳು ಆಗಲೇ ಬುತ್ತಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೆಸರು ಸ್ವಪ್ನಾಲಿ.

"ಟ್ರಾಯಲ್ ಅಂದಾನೇನ ತಂಗಿ?" ಗೌರಾಬಾಯಿ ಕೇಳಿದಳು.

"ಹೌದ್ರೀ ಅಕ್ಕಾ. ಎರಡ ವಾರ."

"ನನಗೂ ಹಂಗ ಅಂದಿದ್ದ. ನನ್ನಕಿಂತ ಮದ್ಲಿನಾಕಿಗೂ. ಬ್ಯಾಡ, ಹಿಂದಕ್ಕ ಹೋಗು."

"ಅಕಿ ಮಾತ ಕೇಳಬ್ಯಾಡ! ಮೈಗಳ್ಳಿ ಅದಾಳ," ಸಾವ್ಕಾರ ಒದರಿದ.

ಸ್ವಪ್ನಾಲಿ ಗೌರಾಬಾಯಿಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಮುಖ ತಿರುವಿ ಒಳಗೆ ಬಂದಳು.

ಗೌರಾಬಾಯಿಗೆ ಸಿಟ್ಟೂ ಬರಲಿಲ್ಲ, ಅಷ್ಟು ಸಾಕಾಗಿತ್ತು. ಸೊಂಟ ಹಿಡಿದುಕೊಂಡು ಎದ್ದಳು. ಬೆಳಿಗ್ಗೆಯಿಂದ ಆರಿಸಿಟ್ಟ ಹರಳು, ಕಸ, ಹುಳುಕು ಕಾಳಿನ ಬುಟ್ಟಿ ಎತ್ತಿ, ಹಸನಾದ ಬೇಳೆಯ ರಾಶಿಯ ಮೇಲೆ ಸುರಿದಳು. ಎರಡೂ ಕೈ ಹಾಕಿ ಕಲಸಿದಳು.

"ಏ, ಏ! ಹುಚ್ಚ ಹಿಡಿದದೇನ ನಿನಗ?"

"ಪಗಾರ ನಿನ್ನ ಹಂತ್ಯಾಕ ಇರ್ಲಿ. ನನ್ನ ಕೆಲಸ ನಾ ವಾಪಸ್ ತಗೊಂಡ ಹೊಂಟೀನಿ."

ಉಳಿದ ದಿನಗಳ ಬೇಳೆ ಆಗಲೇ ಪೇಟೆ ಸೇರಿತ್ತು. ಅದಕ್ಕೇನು ಮಾಡಲಾದೀತು? ಸೆರಗಿನಿಂದ ಕೈ ಒರೆಸಿಕೊಂಡು ಗೇಟು ದಾಟಿದಳು. ಹಿಂದೆ ಸಾವ್ಕಾರನ ದನಿ ನಯವಾಯಿತು.

"ಬಾ ತಂಗಿ, ಕೂಡು. ಮದ್ಲ ಈ ಹರಳ ಆರಿಸು. ಕಾಯಕ ಅಂತ ತಿಳ್ಕೋ."

ಸ್ವಪ್ನಾಲಿ ರಾಶಿಯನ್ನೇ ನೋಡುತ್ತ ನಿಂತಿದ್ದಳು. ಬುತ್ತಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ.