ಅಯಸ್ಕಾಂತ ತಿರುಗಿಸಿದ ವರ್ಷ

ಅಪ್ಪ ಮೂವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಮಗಳ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯ ತಕ್ಕಡಿಯಲ್ಲಿ ಎಂಟು ಗ್ರಾಂ ತಪ್ಪು ಹಿಡಿದು ಬೀಗಿದ್ದರು.

ಮಗಳದ್ದೂ ಅಳತೆಯ ಕೆಲಸವೇ. ನೆಲದಡಿಯ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರವಿತ್ತು. ಅಲ್ಲಿ ಹುಟ್ಟುವ ಒಂದು ಜಾತಿಯ ಕಣವೂ, ಧನ-ಋಣ ಅದಲುಬದಲಾದ ಅದರ ಜೋಡಿ ಪ್ರತಿಕಣವೂ ಒಂದೇ ಪ್ರಮಾಣದಲ್ಲಿ ಒಡೆಯುತ್ತವೆಯೇ ಎಂದು ಅವಳು ನಾಲ್ಕು ವರ್ಷದಿಂದ ಎಣಿಸುತ್ತಿದ್ದಳು. ಆ ಸೋಮವಾರ ನೂರಕ್ಕೆ ಎರಡರಷ್ಟು ವ್ಯತ್ಯಾಸ ಕಂಡಿತು. ವಿಶ್ವದಲ್ಲಿ ದ್ರವ್ಯವಷ್ಟೇ ಉಳಿದು ಪ್ರತಿದ್ರವ್ಯ ಎಲ್ಲಿ ಹೋಯಿತೆಂಬುದಕ್ಕೆ ಒಂದು ಎಳೆ ಸಿಕ್ಕಿತೆಂದು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಊಟಕ್ಕೆ ಕೂತಾಗ ಅಪ್ಪನಿಗೆ ಬಿಡಿಸಿ ಹೇಳಿದಳು. ಅಯಸ್ಕಾಂತದ ಸೆಳೆತಕ್ಕೆ ಧನ ಕಣಗಳು ಒಂದು ಪಕ್ಕಕ್ಕೆ, ಋಣ ಕಣಗಳು ಇನ್ನೊಂದು ಪಕ್ಕಕ್ಕೆ ಬಾಗುತ್ತವೆ. ಎರಡೂ ಪಕ್ಕದ ಎಣಿಕೆ ಯಂತ್ರ ಸಮನಾಗಿದೆಯಾ ಎಂದು ಅಪ್ಪ ಕೇಳಿದರು. ಪೂರ್ತಿ ಸಮ ಇಲ್ಲ, ಅದಕ್ಕೇ ಪ್ರತಿ ವರ್ಷ ಅರ್ಧ ಕಾಲ ಅಯಸ್ಕಾಂತವನ್ನು ತಿರುಗಿಸಿ ಇಡುತ್ತೇವೆ, ತಪ್ಪು ತಾನಾಗಿ ವಜಾ ಆಗುತ್ತದೆ ಎಂದಳು.

"ಹೋದ ವರ್ಷ ಸರಿಯಾಗಿ ಅರ್ಧಕ್ಕೇ ತಿರುಗಿಸಿದ್ರಾ?"

"ತಿರುಗಿಸಿರ್ತಾರಪ್ಪ."

"'ಇರ್ತಾರೆ' ಅಂದವರ ಅಂಗಡಿಗೇ ನಾನು ಮೊದಲು ಹೋಗ್ತಿದ್ದೆ ಕಣಮ್ಮ."

ಮುಖ ಊದಿಸಿಕೊಂಡೇ ಎದ್ದು ಹೋದಳು. ಮರುದಿನ ದಾಖಲೆ ಪುಸ್ತಕ ತೆಗೆದು ಹೋದ ವರ್ಷದ ಪುಟಗಳನ್ನು ತಿರುವಿದಳು. ದುರಸ್ತಿಯ ಕಾರಣ, ಇಪ್ಪತ್ತು ವಾರದಲ್ಲಿ ಐದೇ ವಾರ ತಿರುಗಿಸಿಟ್ಟಿದ್ದರು. ಇವಳು ಎಲ್ಲವನ್ನೂ ಒಂದೇ ರಾಶಿಗೆ ಸುರಿದಿದ್ದಳು. ಎರಡು ದಿಕ್ಕಿನ ಲೆಕ್ಕ ಬೇರೆಬೇರೆ ಮಾಡಿ ಸರಾಸರಿ ತೆಗೆಯಲು ಮೂರು ದಿನ ಹಿಡಿಯಿತು. ನೂರಕ್ಕೆ ಎರಡು ಇದ್ದ ವ್ಯತ್ಯಾಸ ನೂರಕ್ಕೆ ಅರ್ಧಕ್ಕಿಳಿಯಿತು. ಆದರೆ ಆ ಅರ್ಧ ಮಾತ್ರ ಎಷ್ಟು ಕೆದಕಿದರೂ ಜಗ್ಗಲಿಲ್ಲ.

ತಂಡದ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ಸಂಶಯಪ್ಪ. ಅವಳು ಲೆಕ್ಕ ಮುಂದಿಟ್ಟ ಸಭೆಯಲ್ಲಿ ಅವರು ಎತ್ತಿದ ಮೊದಲ ಪ್ರಶ್ನೆಯೂ ಅದೇ: ಸರಿಯಾಗಿ ಅರ್ಧಕ್ಕೇ ತಿರುಗಿಸಿದ್ದರಾ? ಉತ್ತರ ಸಿದ್ಧವಾಗಿತ್ತು. ಅದನ್ನು ಮೊದಲು ಕೇಳಿದ್ದು ತನ್ನ ಅಪ್ಪ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಯಂತ್ರ ನಿಲ್ಲಿಸಿದಾಗ ಅವರನ್ನು ಕರೆದುಕೊಂಡು ಬಾ ಎಂದರು ಸಂಶಯಪ್ಪ.

ಹಾಗೆ ಒಂದು ಮಧ್ಯಾಹ್ನ ಅಪ್ಪ ಹೆಲ್ಮೆಟ್ ತೊಟ್ಟು, ಲಿಫ್ಟಿನಲ್ಲಿ ನೂರು ಮೀಟರ್ ಕೆಳಗಿಳಿದರು. ಎರಡಂತಸ್ತಿನ ಮನೆಯಷ್ಟಿದ್ದ ಅಯಸ್ಕಾಂತದ ಮುಂದೆ ನಿಂತು ಮೇಲೆ ಕೆಳಗೆ ನೋಡಿದರು. ಆಮೇಲೆ ಸುತ್ತಮುತ್ತ ಏನನ್ನೋ ಹುಡುಕತೊಡಗಿದರು. ಏನು ಬೇಕಪ್ಪಾ ಎಂದು ಮಗಳು ಕೇಳಿದಳು.

"ಕ್ರೇನ್ ಎಲ್ಲಿದೆ? ಇದನ್ನ ಹೆಂಗೆ ತಿರುಗಿಸ್ತೀರಾ?"

ತಿರುಗಿಸುವುದೆಂದರೆ ಒಳಗೆ ಹರಿಯುವ ವಿದ್ಯುತ್ತಿನ ದಿಕ್ಕು ಬದಲಿಸುವುದಷ್ಟೇ ಎಂದು ಹೇಳುವಷ್ಟರಲ್ಲಿ ಅವಳಿಗೆ ನಗು ತಡೆಯದೆ ಕಣ್ಣಲ್ಲಿ ನೀರು ಬಂತು. ಅಪ್ಪ ಗಂಭೀರವಾಗಿಯೇ, ಮೊದಲೇ ಹೇಳಬಾರದಿತ್ತಾ ಎಂದು ಗೊಣಗಿದರು. ಸಂಶಯಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು.